ಬಿಳಿ ಹೊಡೆದ ಹಲಗೆ

ನನ್ನ ಚಿಕ್ಕಪ್ಪ ಕೈಯಾರೆ ಬರೆದ ಒಂದೇ ಒಂದು ಹಲಗೆಯೂ ಇವತ್ತು ಓದುವ ಹಾಗೆ ನನ್ನ ಹತ್ತಿರ ಉಳಿದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹೊಸೂರು, ಕೃಷ್ಣಗಿರಿ ಸುತ್ತಮುತ್ತ ನಡೆದ ಪ್ರದರ್ಶನಗಳಿಗೆ ಸ್ಟಾಲು ಕಟ್ಟಿದವನು, ಅಕ್ಷರ ಬರೆದವನು, ಚಿತ್ರ ಹಾಕಿದವನು ಅವನು. ಒಂದನ್ನಾದರೂ ಉಳಿಸುತ್ತೇನೆಂದು ಅವನಿಗೆ ಮಾತು ಕೊಟ್ಟವಳು ನಾನು. ಉಳಿಯಲಿ ಎಂದೇ ಅವನು ಬರೆದಿದ್ದ ಕೊನೆಯದನ್ನು ಅಳಿಸಿದವಳೂ ನಾನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟೋಣವೆಂದು ನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ, ಯಾರೂ ಸಿಕ್ಕಿಲ್ಲ.

ಹೊಸೂರಿನ ಹತ್ತಿರ ಅವಲಪಲ್ಲಿಯ ಚಿಕ್ಕಪ್ಪನ ಮನೆಗೆ ಅಂಟಿಕೊಂಡ ಹಾಗೆ ಒಂದು ತಗಡಿನ ಶೆಡ್ಡು. ಅದೇ ಆಫೀಸು, ಅದೇ ಕಾರ್ಖಾನೆ. ಅಲ್ಲಿ ನಡೆಯುತ್ತಿದ್ದದ್ದು ಒಂದೇ ಕಾನೂನು. ಪ್ರದರ್ಶನ ಮುಗಿದು ಪ್ಲೈವುಡ್ ಹಲಗೆಗಳು ವಾಪಸು ಬಂದರೆ, ಲಾರಿಯಿಂದ ಇಳಿಸಿದ ತಕ್ಷಣ ಅವಕ್ಕೆ ಬಿಳಿ ಹೊಡೆಯಬೇಕು. ಟೀ ಆಮೇಲೆ, ಊಟ ಆಮೇಲೆ. ಪ್ರತಿ ಸಲ ಹೊಸ ಹಲಗೆ ತರುವುದು ನಮ್ಮ ಕೈಲಾಗುವ ಮಾತಲ್ಲ, ಅದಕ್ಕೇ ಅವವೇ ಹಲಗೆಗಳು ಮತ್ತೆ ಮತ್ತೆ ಹೋಗಿ ಬರುತ್ತಿದ್ದವು. ರೇಷ್ಮೆಹುಳುವಿನ ಮೇಲೆ ಬಿಳಿ, ಆ ಬಿಳಿಯ ಮೇಲೆ ಡೆಂಗಿ ಸೊಳ್ಳೆ, ಸೊಳ್ಳೆಯ ಮೇಲೆ ಬಿಳಿ, ಅದರ ಮೇಲೆ ಮಾವಿನಹಣ್ಣು. "ಹಳೇದು ಕಣ್ಮುಂದೆ ಕುಂತಿದ್ರೆ ಹೊಸದು ಬರಿಯಕ್ಕೆ ಕೈ ಓಡಕಿಲ್ಲ ಅಮ್ಮಣ್ಣಿ. ಮೊದ್ಲು ಬಿಳಿ ಹೊಡಿ," ಅನ್ನುತ್ತಿದ್ದ. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ, ಯಾವಾಗಲೂ ಅಮ್ಮಣ್ಣಿಯೇ.

ನಾನು ಹುಟ್ಟಿದ್ದು ತಳಿ ಎಂಬ ಊರಿನ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪ ರಾಗಿ, ಹೂವು, ಕೋಸು ಬೆಳೆಯುತ್ತಿದ್ದ. ನಾನು ಪ್ಲಸ್ ಟೂ ಲೆಕ್ಕದಲ್ಲಿ ಎರಡು ಸಲ ಫೇಲಾದಾಗ ಅಪ್ಪ ಸಿಟ್ಟಿನಿಂದ ಮನೆಯಲ್ಲಿ ಕುಣಿದಾಡಿಬಿಟ್ಟ. ಅವತ್ತು ಊರಿಗೆ ಬಂದಿದ್ದ ಚಿಕ್ಕಪ್ಪ ಮುದ್ದೆ ಮುರಿಯುತ್ತಾ, "ಲೆಕ್ಕ ಬರಾಕಿಲ್ಲ ಅಂದ್ರೆ ಗೆರೆ ಬರ್ಬಹುದು, ನನ್ಜೊತೆ ಕಳ್ಸು," ಅಂದ. ಬಟ್ಟೆ ಗಂಟು ಕಟ್ಟಿಕೊಂಡು ಅವನ ಹಿಂದೆ ಬಸ್ಸು ಹತ್ತಿದೆ. ಅವನಿಗೂ ಚಿಕ್ಕಮ್ಮನಿಗೂ ಮಕ್ಕಳಿರಲಿಲ್ಲ. ಹೋದ ಮಾರನೇ ದಿನವೇ ಚಿಕ್ಕಮ್ಮ ನನ್ನ ತಲೆಗೆ ಎಣ್ಣೆ ಹಾಕಿ ಜಡೆ ಹೆಣೆದಳು. ಅಲ್ಲಿಗೆ ನಾನು ಆ ಮನೆಯವಳೇ ಆಗಿಹೋದೆ.

ಮೊದಲ ಒಂದು ವರ್ಷ ಬರೀ ಬಿಳಿ ಹೊಡೆದೆ. ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. "ನಾನೇನು ಸುಣ್ಣ ಬಳಿಯಕ್ಕೆ ಬಂದ್ನಾ?" ಎಂದು ಒಂದು ದಿನ ರೋಲರ್ ಎಸೆದೆ. ಅವನು ಅದನ್ನು ಎತ್ತಿ ತೊಳೆದು ತಂದು ಮತ್ತೆ ನನ್ನ ಕೈಗೇ ಕೊಟ್ಟ. ಆಮೇಲೆ ಸೀಮೆಸುಣ್ಣದ ನೂಲು ಹೊಡೆದು ಗೆರೆ ಎಳೆಯುವುದು ಕಲಿಸಿದ, ಅದಾದ ಮೇಲೆ ಅಕ್ಷರ. ಒಂದೇ ಹಲಗೆಯ ಮೇಲೆ ಮೂರು ಭಾಷೆ ಬರೆಯಬೇಕಾದಾಗ ಅವನು ಹೇಳುತ್ತಿದ್ದದ್ದು ಕೇಳಬೇಕು: "ತಮಿಳು ಉದ್ದಕ್ಕೆ ಓಡ್ತದೆ, ಅದಕ್ಕೆ ರಸ್ತೆ ಬಿಡು. ಕನ್ನಡ ಚಕ್ಕಂಬಕ್ಕಳ ಹಾಕ್ಕಂಡು ಕುಂತ್ಕಂತದೆ, ಜಾಗ ಕೊಡು. ತೆಲುಗು ತಲೆ ಮೇಲೆ ಟಿಕ್ ಹಾಕ್ಕಂಡು ಪಾಸಾಗೋಗ್ತದೆ, ಅದಕ್ಕೇನೂ ತೊಂದ್ರೆ ಇಲ್ಲ." ಅಕ್ಷರದ ಕೆಳಗೆ ನೆರಳು ಹಾಕಲು ಒಂದು ನೀಲಿಯನ್ನು ಅವನೇ ಕಲಸುತ್ತಿದ್ದ. ಅಂಗಡಿಯ ನೀಲಿಗೆ ಚೂರು ಕಪ್ಪು, ಒಂದೇ ಒಂದು ತೊಟ್ಟು ಹಳದಿ. ಅದನ್ನು ಬೇರೆ ಯಾರ ಕೆಲಸದಲ್ಲೂ ನಾನು ನೋಡಿಲ್ಲ.

ಇನ್ನು ಆ ಪುಸ್ತಕದ ವಿಷಯ. ಮೂಕಂಡಪಲ್ಲಿ ಕಡೆಯ ಒಂದು ಕಾರ್ಖಾನೆಗೆ ಜೆಕ್ ದೇಶದಿಂದ ಯಂತ್ರ ಬಂದಿತ್ತು. ಅದನ್ನು ಕೂರಿಸಲು ಅಲ್ಲಿಂದಲೇ ಒಬ್ಬ ಬಂದಿದ್ದ. ಯಂತ್ರ ನೋಡಲು ಬರುವವರಿಗಾಗಿ ಕಾರ್ಖಾನೆಯವರು ಒಂದು ಸಣ್ಣ ಪ್ರದರ್ಶನ ಇಟ್ಟಿದ್ದರು, ಕೆಲಸ ನಮಗೆ ಸಿಕ್ಕಿತ್ತು. ಆ ಮನುಷ್ಯ ಊಟದ ಹೊತ್ತಿನಲ್ಲೆಲ್ಲ ಬಂದು ಚಿಕ್ಕಪ್ಪನ ಹಿಂದೆ ಕೈಕಟ್ಟಿ ನಿಂತು, ಅವನು ಅಕ್ಷರ ಬರೆಯುವುದನ್ನೇ ನೋಡುತ್ತಿದ್ದ. ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ಚಿಕ್ಕಪ್ಪ ಬೀಡಿ ಕೊಟ್ಟ, ಅವನು ಕೆಮ್ಮುತ್ತಾ ಸೇದಿದ, ಅಷ್ಟೇ ಮಾತುಕತೆ. ಒಂದು ಸಲ ಊರಿಗೆ ಹೋಗಿ ಬಂದವನು ದಪ್ಪನೆಯ ಒಂದು ಪುಸ್ತಕ ತಂದು ಚಿಕ್ಕಪ್ಪನ ಕೈಗಿಟ್ಟ. ಮ್ಯಾನೇಜರು ತಮಿಳಿನಲ್ಲಿ ತಿಳಿಸಿ ಹೇಳಿದರು: ಇದು ಅವರ ದೇಶದ ಒಬ್ಬ ಕಲಾವಿದನ ಪುಸ್ತಕ, ಅವನೂ ನಿಮ್ಮ ಹಾಗೇ ಪೋಸ್ಟರು ಬರೆದು, ಪ್ರದರ್ಶನ ಕಟ್ಟಿ ಬಾಳಿದವನು.

ಅದರಲ್ಲಿ ಒಂದಕ್ಷರವೂ ನಮಗೆ ಓದಲು ಬರುತ್ತಿರಲಿಲ್ಲ. ಚಿಕ್ಕಪ್ಪ ಬರೀ ಚಿತ್ರ ನೋಡಿಕೊಂಡೇ ಆ ಮನುಷ್ಯನ ಬದುಕನ್ನು ಪೂರ್ತಿ ಓದಿಬಿಟ್ಟ. ಮೊದಲ ಪುಟದಲ್ಲಿ ಹಣೆಗೆ ಕೂದಲು ಬಿದ್ದ ಹುಡುಗ, ಆಮೇಲೆ ಚೀಟಿಗಳು, ಡಬ್ಬಿಗಳ ಮೇಲಿನ ಚಿತ್ರಗಳು, ಪೋಸ್ಟರು, ಪುಸ್ತಕದ ರಕ್ಷಾಪುಟ. ನಡುವೆ ನಾಲ್ಕೈದು ಪುಟ ಬರೀ ಸಣ್ಣಪುಟ್ಟ ಕೆಲಸ. "ನೋಡು, ಇಲ್ಲಿ ಇವನ್ಗೂ ಕೆಲ್ಸ ಸಿಗದಂಗಾಗದೆ, ಪಾಪ," ಅನ್ನುವನು. ಕಪ್ಪು ಬಣ್ಣವೇ ತುಂಬಿದ ಒಂದು ಪೋಸ್ಟರು ಬಂದರೆ, "ಇಲ್ಲಿ ಮನೇಲಿ ಯಾರೋ ತೀರ್ಕಂಡವ್ರೆ." ಆಮೇಲೆ ದೊಡ್ಡ ದೊಡ್ಡ ಹಜಾರಗಳು ಬರುತ್ತವೆ. ಒಂದರಲ್ಲಿ ಅಕ್ಷರಗಳನ್ನು ಚಾವಣಿಯಿಂದ ತಂತಿ ಕಟ್ಟಿ ತೂಗುಬಿಟ್ಟಿದ್ದರು. ಚಿಕ್ಕಪ್ಪ ಆ ವರ್ಷ ಕೃಷ್ಣಗಿರಿಯ ಮಾವಿನ ಪ್ರದರ್ಶನದಲ್ಲಿ ಅದನ್ನೇ ಮಾಡಿದ. ಅಕ್ಷರಗಳನ್ನು ಕೊಯ್ದು, ಮೀನು ಹಿಡಿಯುವ ತಂಗೂಸಿ ದಾರದಲ್ಲಿ ಕಟ್ಟಿ, ಹಣ್ಣಿನ ರಾಶಿಯ ಮೇಲೆ ಇಳಿಬಿಟ್ಟ. ಇಲಾಖೆಯ ದೊಡ್ಡ ಸಾಹೇಬರು ಬಂದು ತಲೆಯೆತ್ತಿ ನೋಡಿ, "ಏನಯ್ಯಾ, ಅಕ್ಷರಗಳನ್ನೆಲ್ಲ ನೇಣಿಗೆ ಹಾಕಿದೀಯ?" ಎಂದು ತಮಿಳಿನಲ್ಲಿ ಹೇಳಿ ನಕ್ಕರು. ಜನ ಮಾತ್ರ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿದರು. ಅವತ್ತು ಚಿಕ್ಕಪ್ಪನ ಮುಖ ನೋಡಬೇಕಿತ್ತು, ಮದುವೆ ಗಂಡಿನ ಹಾಗಿತ್ತು.

ಪುಸ್ತಕದ ಕೊನೆಯಲ್ಲಿ ಒಂದು ಫೋಟೋ ಇದೆ. ಖಾಲಿ ಹಜಾರ. ಪ್ರದರ್ಶನ ಬಿಚ್ಚಿಯಾಗಿದೆ, ಹಲಗೆಗಳನ್ನು ಗೋಡೆಗೆ ಒರಗಿಸಿದ್ದಾರೆ. ಮುದುಕನಾದ ಆ ಕಲಾವಿದ ನಡುವೆ ಒಂದು ಸ್ಟೂಲಿನ ಮೇಲೆ ಕೂತಿದ್ದಾನೆ. ಚಿಕ್ಕಪ್ಪ ಆ ಪುಟಕ್ಕೆ ಬಂದರೆ ಬೇಗ ತಿರುಗಿಸುತ್ತಿರಲಿಲ್ಲ.

"ಇವನ್ದೂ ಎಲ್ಲಾ ಬಿಚ್ಚಾಕ್ಬುಟ್ಟವ್ರೆ ನೋಡು. ಆದ್ರೆ ಯಾರೋ ಪುಣ್ಯಾತ್ಮ ಫೋಟೋ ತೆಗ್ದು ಮಡಗವ್ನೆ," ಅಂದ ಒಂದು ದಿನ. ಪುಟದ ಮೇಲೆ ಕೈಯಿಟ್ಟು, "ನಂದೂ ಒಂದು ಉಳೀಲಿ ಅಮ್ಮಣ್ಣಿ. ಜಾಸ್ತಿ ಬ್ಯಾಡ. ಒಂದೇ ಒಂದು," ಅಂದ.

"ಉಳಿಸ್ತೀನಿ ಬಿಡು ಚಿಕ್ಕಪ್ಪ. ಅದೇನ್ ಮಹಾ," ಅಂದೆ ನಾನು.

ಅದೇನು ಮಹಾ! ಪ್ರತಿ ವರ್ಷವೂ ಒಂದು ಹಲಗೆಯನ್ನು ಎತ್ತಿಡುತ್ತಿದ್ದೆವು. ಒಮ್ಮೆ ರಾಗಿ ತೆನೆಯದು, ಒಮ್ಮೆ ಒಂದು ದೊಡ್ಡ ನೇರಳೆ ಬದನೆಕಾಯಿ. ಮುಂದಿನ ಕೆಲಸ ಬಂದಾಗ ಒಂದು ಹಲಗೆ ಕಡಿಮೆ ಬೀಳುವುದು. ಆಗ ಅವನೇ, "ಹೊಡಿ ಹೋಗ್ಲಿ, ಮುಂದಿನ್ಸಲ ಇದಕ್ಕಿಂತ ಚಂದಾಗಿ ಬರ್ದು ಮಡಗಾನ," ಅನ್ನುವನು. ನಾನು ಹೊಡೆಯುವೆನು. ಫೋಟೋ ಇಲ್ಲವೇ ಎಂದು ನೀವು ಕೇಳಬಹುದು. ಇವೆ, ರಾಶಿ ಇವೆ. ಎಲ್ಲದರಲ್ಲೂ ರಿಬ್ಬನ್ ಕತ್ತರಿಸುವ ಸಾಹೇಬರು, ಶಾಲು ಹೊದ್ದ ಮುಖಂಡರು ನಿಂತಿದ್ದಾರೆ. ಅವರ ಹೊಟ್ಟೆಗಳ ಆಚೆಗೆ ಅರ್ಧ ಅಕ್ಷರ, ಕಾಲು ಮಾವಿನಹಣ್ಣು ಕಾಣುತ್ತದೆ. ಆ ಫೋಟೋಗಳನ್ನು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಫ್ಲೆಕ್ಸ್ ಬಂತು. ನಾನು ಹೊಸೂರಿನಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದೆ. ಮೂರು ದಿನದ ಕೆಲಸ ಒಂದು ಗಂಟೆಯಲ್ಲಿ ಪ್ರಿಂಟಾಗಿ ಬರುವಾಗ ಬ್ರಷ್ಷು ಹಿಡಿದು ಕೂತರೆ ಹೊಟ್ಟೆ ತುಂಬುತ್ತದೆಯೇ? ಅವನು ಬೇಡ ಅಂದ, ನಾನು ಬೇಕು ಅಂದೆ, ಜಗಳ ಹತ್ತಿತು. "ನಿನ್ ಬ್ರಷ್ ಈಗ ಯಾರಿಗ್ ಬೇಕು ಚಿಕ್ಕಪ್ಪ?" ಎಂದು ಕೂಗಿಬಿಟ್ಟೆ. ಅವನು ಮೂರು ದಿನ ಮಾತು ಬಿಟ್ಟ. ನಾಲ್ಕನೇ ದಿನ ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಪರದೆಯ ಮೇಲೆ ಬೆರಳಿಟ್ಟು, "ಇವೆಲ್ಡು ಅಕ್ಷರ ಒಂದ್ರ ಮೇಲೊಂದು ಬಿದ್ದವೆ, ಉಸಿರಾಡಕ್ ವಸಿ ಜಾಗ ಬಿಡು," ಅಂದ. ಅವತ್ತಿನಿಂದ ನಾನು ಕೂತು ಮಾಡಿದೆ, ಅವನು ನಿಂತು ತಿದ್ದಿದ. ಹಲಗೆಗೆ ಫ್ಲೆಕ್ಸ್ ಅಂಟಿಸುತ್ತಿದ್ದೆವು. ಕಿತ್ತ ಮೇಲೆ ಗೋಂದಿನ ಕಲೆ ಉಳಿಯುತ್ತಿದ್ದರಿಂದ ಬಿಳಿ ಹೊಡೆಯುವ ಕಾನೂನು ಮಾತ್ರ ಹಾಗೇ ಉಳಿಯಿತು.

ಅವನಿಗೆ ಲಕ್ವ ಹೊಡೆದದ್ದು ಒಂದು ಚಳಿಗಾಲದ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ. ಬಲಗೈ, ಬಲಗಾಲು ಸತ್ತ ಹಾಗಾದವು. ಮಾತು ತೊದಲಿತು. ಕೆಲವು ತಿಂಗಳಲ್ಲಿ ಕೋಲು ಹಿಡಿದು ಹತ್ತು ಹೆಜ್ಜೆ ಇಡುವಷ್ಟಾದ. ಶೆಡ್ಡಿನ ಮುಂದೆ ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು ನನ್ನ ಕೆಲಸ ನೋಡುತ್ತಿದ್ದ. ಚಿಕ್ಕಮ್ಮ ಮುದ್ದೆಯನ್ನು ಸಾರಿಗೆ ಅದ್ದಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. "ಎಡಗೈ ಚೆಂದಾಗೇ ಅದಲ್ಲ, ನೀವೇ ತಿನ್ನಿ," ಎಂದು ಒಮ್ಮೊಮ್ಮೆ ರೇಗಿಸುವಳು.

ಅದರ ಮುಂದಿನ ಬೇಸಿಗೆಯಲ್ಲಿ ಮಾವಿನ ಪ್ರದರ್ಶನದ ಕೆಲಸ ನಮಗೇ ಬಂತು. ನಾನು ಒಂದು ತಿಂಗಳ ಹತ್ತಿರ ಕೃಷ್ಣಗಿರಿಯಲ್ಲೇ ಇದ್ದೆ. ಆ ಸಲ ಯಾವುದೂ ನೆಟ್ಟಗೆ ಆಗಲಿಲ್ಲ. ನಾನು ಮಾಡಿದ ಪ್ಲಾನನ್ನು ಹೊಸದಾಗಿ ಬಂದ ಒಬ್ಬ ಅಧಿಕಾರಿ ಮೂರು ಸಲ ಬದಲಾಯಿಸಿದ. ಮಳೆ ಬಂದು ಪೆಂಡಾಲು ಸೋರಿತು. ಎಲ್ಲ ಬಿಚ್ಚಿ, ಲಾರಿಗೆ ಹೇರಿಸಿ, ಡ್ರೈವರನ ಪಕ್ಕ ತೂಕಡಿಸುತ್ತಾ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅವಲಪಲ್ಲಿಗೆ ಬಂದಿಳಿದೆ. ಚಿಕ್ಕಮ್ಮ ರೇಷನ್ ಅಂಗಡಿಗೆ ಹೋಗಿದ್ದಳು. ಚಿಕ್ಕಪ್ಪ ಹೊಂಗೆ ಮರದ ಕೆಳಗೆ ಕೂತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. ಏನೋ ಹೇಳಲು ಎಡಗೈ ಎತ್ತಿದ. "ಇರು ಚಿಕ್ಕಪ್ಪ, ಮೊದ್ಲು ಇವಕ್ಕೆ ಬಿಳಿ ಹೊಡೀತೀನಿ," ಅಂದೆ.

ಹಲಗೆಗಳನ್ನು ಇಳಿಸಿಕೊಂಡು ಶೆಡ್ಡಿನ ಒಳಗೆ ಹೋದರೆ, ಬಾಗಿಲ ಹತ್ತಿರವೇ ಗೋಡೆಗೆ ಒರಗಿಸಿದ ಒಂದು ಹಲಗೆ ಕಾಣಿಸಿತು. ಅದರ ಮೇಲೆ ಯಾರೋ ಬ್ರಷ್ಷಿನಲ್ಲಿ ಬರೆದಿದ್ದರು. ಅಕ್ಷರಗಳು ನಡುಗಿದ್ದವು, ಎಲ್ಲೆಲ್ಲೋ ಊದಿಕೊಂಡಿದ್ದವು, ಸಾಲು ಬಲಗಡೆ ಕೆಳಕ್ಕೆ ಜಾರಿಕೊಂಡು ಹೋಗಿತ್ತು. ಕೆಲಸ ಕೇಳಿಕೊಂಡು ಬರುವ ಪೇಂಟರುಗಳಲ್ಲಿ ಯಾರೋ ಒಬ್ಬ, ನಾನಿಲ್ಲದಾಗ ಕೈ ಪಳಗಿಸಿ ನೋಡಿದ್ದಾನೆ ಅಂದುಕೊಂಡೆ. ಒಂದು ತಿಂಗಳ ಸಿಟ್ಟೆಲ್ಲ ಒಟ್ಟಿಗೇ ಹೊರಗೆ ಬಂತು. ಆ ಹಲಗೆಯನ್ನು ಎಳೆದುಕೊಂಡು ಬಂದು ಚಿಕ್ಕಪ್ಪನ ಮುಂದೆಯೇ ನಿಲ್ಲಿಸಿದೆ.

"ಯಾವನ್ ಇದನ್ನ ಬರ್ದಿದ್ದು? ಥೂ! ಕೋಳಿ ಕೆದರ್ದಂಗೈತೆ. ಅಕ್ಷರವಾ ಇದು? ಒಳ್ಳೇ ಹಲಗೆ ಹಾಳ್ಮಾಡಿ ಮಡಗವ್ನಲ್ಲ! ನೀನು ಇಲ್ಲೇ ಕುಂತಿದ್ದು ಸುಮ್ನೆ ನೋಡ್ತಿದ್ಯಾ?"

ಅವನು ಹಲಗೆಯನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಬಾಯಿಯ ಎಡಗಡೆ ಮಾತ್ರ ನಕ್ಕಿತು.

"ಯಾರೋ... ಕಲೀತಾವ್ನೆ," ಅಂದ ತೊದಲುತ್ತಾ. "ಹೊಡಿ ಅಮ್ಮಣ್ಣಿ. ಬಿಳಿ ಹೊಡಿ."

ಹೊಡೆದೆ. ಆ ಅಕ್ಷರಗಳ ಕೆಳಗಿನ ನೆರಳಿನ ನೀಲಿ ಒಂದೇ ಸಲಕ್ಕೆ ಮುಚ್ಚಲಿಲ್ಲ, ಬಿಳಿಯ ಒಳಗಿನಿಂದ ಇಣುಕುತ್ತಿತ್ತು. ಇನ್ನೊಂದು ಸಲ ಗಟ್ಟಿಯಾಗಿ ಹೊಡೆದೆ. ಆ ನೀಲಿ ಕಂಡೂ ನನ್ನ ತಲೆಗೆ ಹೊಳೆಯಲಿಲ್ಲ. ಹದಿನೆಂಟು ವರ್ಷ ಅವನ ಪಕ್ಕದಲ್ಲಿ ನಿಂತು ಆ ನೀಲಿ ಕಲಸಿದ ನನ್ನ ಕಣ್ಣಿಗೆ ಅವತ್ತು ಏನು ಬಡಿದಿತ್ತೋ ಶಿವನೇ ಬಲ್ಲ. ಅವನು ಕುರ್ಚಿಯಲ್ಲಿ ಕೂತು ನಾನು ರೋಲರ್ ಎಳೆಯುವುದನ್ನು ಕೊನೆಯವರೆಗೂ ನೋಡಿದ.

ಎರಡು ತಿಂಗಳಿಗೆ ಅವನು ಹೋಗಿಬಿಟ್ಟ. ತಿಥಿ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಕೇಳಿದಳು.

"ಆ ಹಲಗೆ ಎಲ್ಲಿ ಮಡಗಿದೀಯೇ? ತಂದು ಇಲ್ಲಿ ಗೋಡೆಗೆ ನಿಲ್ಸು. ನೋಡ್ಬೇಕು ಅನ್ನಿಸ್ತಾ ಐತೆ."

"ಯಾವ್ ಹಲಗೆ ಚಿಕ್ಕಮ್ಮ?"

"ಅಲ್ಲಾ, ನಿಂಗೇ ಅಂತ ಬರ್ದಿದ್ರಲ್ಲ! ನೀನು ಕೃಷ್ಣಗಿರೀಲಿ ಇದ್ದಾಗ. ದಿನಾ ಬೆಳಿಗ್ಗೆ ಕುಂತ್ಕಂಡು ಎಡಗೈನಾಗೆ. ಬಣ್ಣದ ಡಬ್ಬಿ ಹಿಡ್ಕಂಡು ನಾನೇ ನಿಂತಿರ್ತಿದ್ದೆ. 'ಇದೊಂದು ಉಳೀತದೆ ಕಣೇ, ಅಮ್ಮಣ್ಣಿ ಉಳಿಸ್ಕಂತಾಳೆ' ಅಂತಿದ್ರು. ಅವತ್ತು ನಾನು ರೇಷನ್ ತಂದು ಕೇಳಿದ್ದಕ್ಕೆ, ಅಮ್ಮಣ್ಣಿ ಎತ್ತಿ ಮಡಗವ್ಳೆ ಅಂದ್ರು."

ಗೋಡೆ ಹಿಡಿದು ಕೂತೆ. "ಏನಂತ ಬರ್ದಿದ್ದ ಚಿಕ್ಕಮ್ಮ?" ಎಂದು ಕೇಳಿದೆ.

"ನಂಗೇನ್ ಓದಕ್ ಬತ್ತದಾ? ನೀನು ಓದ್ಲಿಲ್ವಾ?"

"ಓದ್ದೆ," ಅಂದೆ. "ಎತ್ತಿ ಮಡಗಿದೀನಿ. ಆಮೇಲೆ ತರ್ತೀನಿ." ಅವನು ಹೇಳಿದ್ದ ಸುಳ್ಳನ್ನೇ ನಾನೂ ಹೇಳಿದೆ. ಗಂಡ ಸತ್ತು ಹದಿನೈದು ದಿನವೂ ಕಳೆಯದವಳಿಗೆ ಬೇರೇನು ಹೇಳಲಿ?

ಹಲಗೆಯನ್ನು ಹುಡುಕಿದೆ. ಆ ಸಲದ ಪ್ರದರ್ಶನಕ್ಕೆ ಹೋಗದೆ ಹೊಸ ಮೊಳೆ ತೂತುಗಳಿಲ್ಲದ್ದು, ಎರಡು ಸಲ ಬಿಳಿ ಕಂಡದ್ದು ಒಂದೇ ಇತ್ತು, ಗುರುತು ಸಿಕ್ಕಿತು. ಮೂಲೆಯಲ್ಲಿ ಉಪ್ಪುಕಾಗದ ಹಿಡಿದು ಮೆಲ್ಲಗೆ ಉಜ್ಜಿದೆ. ಬಿಳಿ ಹೋಯಿತು, ಅದರಡಿಯ ಬಿಳಿಯೂ ಹೋಯಿತು, ಹೆಬ್ಬೆರಳಿನಷ್ಟು ನೀಲಿ ಕಂಡಿತು. ಅವನ ನೀಲಿಯೇ. ಇನ್ನೊಂದು ಎಳೆ ಉಜ್ಜಿದೆ, ಅಂಚಿನಲ್ಲಿ ನೀಲಿಯೂ ಪುಡಿಯಾಗಿ ಹೋಗಿ ಕೆಳಗಿನ ಹಳೆಯ ಬಿಳಿ, ಅದರ ಕೆಳಗೆ ಯಾವುದೋ ವರ್ಷದ ಮಾವಿನ ಕೆಂಪು ಬಂತು. ಕೈ ನಿಲ್ಲಿಸಿಬಿಟ್ಟೆ. ಬಣ್ಣದಡಿಯ ಬರಹವನ್ನು ನೋಡಲು ದೊಡ್ಡ ಊರುಗಳಲ್ಲಿ ಏನೋ ಯಂತ್ರವಿದೆಯಂತೆ. ರಾಜಮಹಾರಾಜರ ಚಿತ್ರಗಳಿಗೆ ಅದನ್ನು ಹಿಡಿಯುತ್ತಾರೆ, ಅವಲಪಲ್ಲಿಯ ಪ್ಲೈವುಡ್ಡಿಗೆ ಯಾರು ಹಿಡಿಯುತ್ತಾರೆ?

ನೆನಪಿಸಿಕೊಳ್ಳಲು ನೋಡುತ್ತೇನೆ. ಎರಡು ಸಾಲಿತ್ತೋ, ಮೂರಿತ್ತೋ. ಮೊದಲ ಅಕ್ಷರ 'ಅ' ಇದ್ದ ಹಾಗೆ ನೆನಪು. ಅದು ನಿಜವಾಗಿ ನೆನಪೋ, ಇರಲಿ ಎಂಬ ಆಸೆಯೋ ಗೊತ್ತಿಲ್ಲ. ದಾರಿಯಲ್ಲಿ ಹೋಗುವ ಬಸ್ಸಿನ ಹಿಂದೆ ಬರೆದದ್ದನ್ನೂ ಬಿಡದೆ ಓದುವವಳು ನಾನು. ಅದೊಂದನ್ನು ಬೈದೆನೇ ಹೊರತು ಓದಲಿಲ್ಲ.

ಈಗ ಒಂದು ತಿಂಗಳ ಹಿಂದೆ, ಕೆಲಸವಿಲ್ಲದ ಒಂದು ಬೆಳಿಗ್ಗೆ, ಅವನ ನೀಲಿಯನ್ನು ಕಲಸಿಕೊಂಡು ಅವನ ಕುರ್ಚಿಯಲ್ಲೇ ಕೂತೆ. ಬಲಗೈಯನ್ನು ತೊಡೆಯ ಮೇಲೆ ಸುಮ್ಮನೆ ಬಿಟ್ಟು, ಎಡಗೈಯಲ್ಲಿ ಬ್ರಷ್ ಹಿಡಿದು, ಒಂದು ಚೂರು ಹಲಗೆಯ ಮೇಲೆ 'ಅ' ಬರೆಯಲು ಹೊರಟೆ. ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣವೆಂದು. ಕೈ ನಡುಗಿತು. ಸುತ್ತು ಬರುವ ಕಡೆ ಬಣ್ಣ ಊದಿಕೊಂಡಿತು. ಒರೆಸಿ ಮತ್ತೆ ಬರೆದೆ. ಹೊಂಗೆಯ ನೆರಳು ನನ್ನ ಕಾಲ ಮೇಲಿಂದ ಶೆಡ್ಡಿನ ಗೋಡೆಗೆ ಹೋಗುವಷ್ಟರಲ್ಲಿ ಒಂದೇ ಒಂದು ಅಕ್ಷರ ಆಯಿತು. ನನಗೆ ಲಕ್ವ ಹೊಡೆದಿಲ್ಲ, ಮೈಯೆಲ್ಲ ಹೇಳಿದ ಮಾತು ಕೇಳುತ್ತದೆ. ಅವನು ಸಾಲುಸಾಲು ಬರೆದಿದ್ದ.

ಚಿಕ್ಕಮ್ಮ ಟೀ ಲೋಟ ಹಿಡಿದು ಬಂದವಳು ನನ್ನ ಬೆನ್ನ ಹಿಂದೆ ನಿಂತಳು.

"ಅವ್ರದ್ದೂ ಹಿಂಗೇ ಬತ್ತಿತ್ತು ಕಣೇ," ಅಂದಳು. ದನಿ ನಗುತ್ತಿತ್ತು. "ಆ ಹಲಗೆ ನೋಡ್ಕಂಡು ಬರೀತಾ ಇದೀಯಾ? ಎಲ್ಲೈತೆ, ನಂಗೂ ವಸಿ ತೋರ್ಸು."

ನಾಲ್ಕು ವರ್ಷ ಹೇಳಿದ ಸುಳ್ಳು ಇನ್ನು ನಾಲಿಗೆಗೆ ಬರಲಿಲ್ಲ. ಎದ್ದು ಶೆಡ್ಡಿನ ಒಳಗಿಂದ ಆ ಹಲಗೆಯನ್ನು ತಂದು ಅವಳ ಮುಂದೆ ನಿಲ್ಲಿಸಿದೆ. ಅವಳು ಬಿಳಿಯನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ನನ್ನನ್ನು ನೋಡಿದಳು.

"ನಾನೇ ಬಿಳಿ ಹೊಡ್ದೆ ಚಿಕ್ಕಮ್ಮ. ಅವನ್ ಮುಂದೇನೇ ಹೊಡ್ದೆ. ಅವನ ಕೈ ಅಂತ ನಂಗ್ ಗೊತ್ತಾಗ್ಲಿಲ್ಲ. ಅಕ್ಷರವಾ ಇದು ಅಂತ ಬೈದೆ," ಎಂದು ಬಿಕ್ಕಿ ಬಿಕ್ಕಿ ಅತ್ತೆ.

ಅವಳು ಬೈಯಲಿಲ್ಲ. ಲೋಟವನ್ನು ಕುರ್ಚಿಯ ಮೇಲಿಟ್ಟು, ಬಗ್ಗಿ, ಮೂಲೆಯ ಆ ನೀಲಿಯ ಮೇಲೆ ತನ್ನ ಹೆಬ್ಬೆರಳಿಟ್ಟಳು.

"ಅವತ್ತು ಮಧ್ಯಾಹ್ನ ಅವ್ರು ಊಟ ಮಾಡ್ಲಿಲ್ಲ ಕಣೇ," ಅಂದಳು. "ತುತ್ತು ಬಾಯ್ಗಿಟ್ರೆ ಮುಖ ತಿರುಗಿಸ್ಕಂಡ್ರು. ಯಾಕೆ ಅಂದ್ರೆ, 'ಹೊಟ್ಟೆ ತುಂಬೈತೆ, ಅಮ್ಮಣ್ಣಿ ಮನೆಗೆ ಬಂದವ್ಳಲ್ಲ' ಅಂದ್ರು."